ಟೇಪಿನ ಆ ತುದಿ

ದೆವ್ವ, ಭೂತ, ಶಕುನಗಳ ಬಗ್ಗೆ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಕಾಫಿ ತೋಟದ ನಡುವೆ ಬೆಳೆದವಳು ನಾನು. ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಗಳಲ್ಲಿ ದೆವ್ವ ಕಾಣದವರೇ ಇರಲಿಲ್ಲ. ಒಬ್ಬರಿಗೆ ಸ್ಟೋರಿನ ಹಿಂದೆ ಕಂಡರೆ ಇನ್ನೊಬ್ಬರಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹತ್ತಿರ. ಬೆನ್ನು ಹತ್ತಿ ವಿಚಾರಿಸಿದರೆ ಎಲ್ಲವೂ ಕೊನೆಗೆ ಒಣಗಿಹಾಕಿದ ಪಂಚೆಯಾಗುತ್ತಿತ್ತು, ಇಲ್ಲವೇ ಸಂತೆ ದಿನದ ಕುಡಿತವಾಗುತ್ತಿತ್ತು. ಹಾಗೆ ವಿಚಾರಿಸಿ ದೆವ್ವದ ಮಾನ ಕಳೆಯುವುದರಲ್ಲಿ ನನಗೆ ಒಂಥರಾ ಖುಷಿಯೂ ಇತ್ತು. ಈಗ ನಾನೇ ಬರೆಯಲು ಕೂತಿದ್ದೇನೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಾನು ಯಾರನ್ನೂ ನಂಬಿಸಲು ಹೊರಟಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಕಲೇಶಪುರದಲ್ಲಿ ನಾನೊಂದು ಸಣ್ಣ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದೆ. ಹಾಸನದ ಕೆಲವು ಇತಿಹಾಸಾಸಕ್ತರು ಸೇರಿ ಕಟ್ಟಿಕೊಂಡಿದ್ದ ಒಂದು ಸಂಸ್ಥೆಯವರು ನಮ್ಮ ಗುಡ್ಡಗಾಡಿನ ಹಳೆಯ ಜಾಗಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಹಾಕಬೇಕೆಂದು ಹೊರಟು ನನ್ನನ್ನು ಸೇರಿಸಿಕೊಂಡರು. ಸುಮ್ಮನೆ ಫೋಟೋ ಹಾಕುವುದಲ್ಲ. ಪರದೆಯ ಮೇಲೆ ಜಾಗದ ನಕ್ಷೆ ಬರುತ್ತದೆ. ನಕ್ಷೆಯಲ್ಲಿ ಒಂದು ವೀರಗಲ್ಲಿನ ಗುರುತನ್ನು ಒತ್ತಿದರೆ ಆ ಕಲ್ಲಿನ ಚಿತ್ರ ತೆರೆದುಕೊಳ್ಳುತ್ತದೆ, ಅದರ ಕತೆ ಕೆಳಗೆ ಬರುತ್ತದೆ. ಇನ್ನೊಂದು ಗುರುತನ್ನು ಒತ್ತಿ ಮೌಸ್ ಎಳೆದರೆ ನೀವು ಅಲ್ಲೇ ನಿಂತು ಸುತ್ತಲೂ ತಿರುಗಿ ನೋಡಿದ ಹಾಗಾಗುತ್ತದೆ. ಈಗಿನವರಿಗೆ ಇದರಲ್ಲೇನು ದೊಡ್ಡಸ್ತಿಕೆ ಅನ್ನಿಸಬಹುದು. ಟೆಲಿಫೋನ್ ಲೈನಿನಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲ ಅದು. ಒಂದು ಚಿತ್ರ ಮೇಲಿನಿಂದ ಕೆಳಗಿನವರೆಗೆ ಇಳಿದು ಬರುವಷ್ಟರಲ್ಲಿ ಒಲೆ ಹಚ್ಚಿ ಕಾಫಿ ಕಾಯಿಸಿಕೊಂಡು ಬರಬಹುದಿತ್ತು.

ಹೆಗ್ಗದ್ದೆ ಊರಿನ ಮೇಲಿನ ಒರತೆಗುಡ್ಡ ನಮ್ಮ ಪಟ್ಟಿಯಲ್ಲಿದ್ದ ಒಂದು ಜಾಗ. ಯಾರೋ ಪಾಳೆಯಗಾರ ಕಟ್ಟಿಸಿದ ಸಣ್ಣ ಕೋಟೆ ಎನ್ನುತ್ತಾರೆ. ಕೋಟೆ ಎಂದರೆ ದೊಡ್ಡದನ್ನು ಊಹಿಸಿಕೊಳ್ಳಬೇಡಿ. ಹುಲ್ಲಿನ ನಡುವೆ ಮೊಣಕಾಲೆತ್ತರಕ್ಕೆ ಉಳಿದ ಗೋಡೆಯ ಬುಡ, ನಾಲ್ಕಾರು ವೀರಗಲ್ಲು, ಅಷ್ಟೇ. ಪೂರ್ವಕ್ಕೂ ದಕ್ಷಿಣಕ್ಕೂ ಬಡಗಣಕ್ಕೂ ಗೋಡೆ ಕಾಣುತ್ತಿತ್ತು. ಪಡುವಣ ಕಡೆ ಅದು ಹುಲ್ಲಿನೊಳಗೆ ಹೂತು ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಆ ಪಡುವಣ ಮಗ್ಗುಲಲ್ಲೇ ಬೇಸಿಗೆಯಲ್ಲೂ ಬತ್ತದ ಒಂದು ಒರತೆ ಇದೆ. ಕೆಳಗಿನ ಗದ್ದೆಗಳಿಗೆಲ್ಲ ಅದೇ ನೀರು.

ಆ ಒರತೆಯ ಮೇಲೆ ಬೇರೆಯವರ ಕಣ್ಣೂ ಬಿದ್ದಿತ್ತು. ಪಕ್ಕದ ಜಮೀನು ಕೊಂಡ ರೆಸಾರ್ಟಿನವರು ಗುಡ್ಡದ ಪಡುವಣ ಭಾಗವನ್ನೂ ತಮಗೆ ಬಿಟ್ಟುಕೊಡಬೇಕೆಂದು ಅರ್ಜಿ ಹಾಕಿದ್ದರು. ಅಲ್ಲಿ ಈಜುಕೊಳ ಆಗುತ್ತದಂತೆ ಎಂದು ಊರಲ್ಲಿ ಸುದ್ದಿ. ಹಳೆಯ ಕೋಟೆಯ ಗೋಡೆಯೊಳಗೆ ಬರುವ ಜಾಗವನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಅಂದರೆ ಪ್ರಶ್ನೆ ಇಷ್ಟೇ ಆಯಿತು: ಒರತೆ ಗೋಡೆಯ ಒಳಗಿದೆಯೋ, ಹೊರಗಿದೆಯೋ? ಒಳಗಿದ್ದರೆ ಹೆಗ್ಗದ್ದೆಯ ಗದ್ದೆಗಳಿಗೆ ನೀರು ಉಳಿಯುತ್ತದೆ. ಹೊರಗಿದ್ದರೆ ಹೋಯಿತು.

ಅಳತೆಗೆ ನನ್ನ ಜೊತೆ ಬಂದವರು ಜಯಣ್ಣ. ಆಲೂರು ಕಡೆ ಪಾಳ್ಯದವರು, ಮನೆಯಲ್ಲಿ ರಾಗಿ, ಭತ್ತದ ಬೇಸಾಯ, ಕಸುಬಿನಿಂದ ಸರ್ವೆ ಮಾಡುವವರು. ನನಗಿಂತ ದೊಡ್ಡ ನಾಸ್ತಿಕ. ದೇವಸ್ಥಾನಕ್ಕೆ ಹೋದರೂ ಕಂಬದ ಅಳತೆ ತೆಗೆದುಕೊಂಡು ಬರುವ ಪೈಕಿ. ನಮ್ಮ ಕ್ರಮ ಸರಳವಾಗಿತ್ತು. ಬಯಲಿನ ನಡುವೆ ಒಂದು ಗೂಟ ಹೊಡೆದು ನಾನು ಟೇಪಿನ ಡಬ್ಬಿ ಹಿಡಿದು ನಿಲ್ಲುವುದು. ಅವರು ಟೇಪಿನ ತುದಿಯ ಬಳೆ ಹಿಡಿದುಕೊಂಡು ಗೋಡೆಯ ಒಂದೊಂದು ಕಡೆಗೂ ಹೋಗಿ ನಿಲ್ಲುವುದು. ಟೇಪು ಬಿಗಿಯಾದ ಮೇಲೆ ನಾನು ದೂರವನ್ನು ಓದಿ, ಟೇಪು ಹೋದ ದಿಕ್ಕನ್ನು ಕಂಪಾಸಿನಲ್ಲಿ ನೋಡಿ ಬರೆದುಕೊಳ್ಳುವುದು.

ಇಲ್ಲಿ ನಮ್ಮ ತೋಟದ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಕಾಫಿ ಗಿಡ ನೆಡಲು ಗುಂಡಿ ತೆಗೆಯುವ ಮೊದಲು ಇಬ್ಬರು ಉದ್ದದ ಹಗ್ಗ ಹಿಡಿದು ಸಾಲಿಗೆ ಗೂಟ ಹೊಡೆಯುತ್ತಾರೆ. ಮರದ ಮರೆ, ಇಳಿಜಾರು, ಮಂಜು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಕೂಗಿದರೆ ಮಾತು ಗುಡ್ಡಕ್ಕೆ ಬಡಿದು ಎಲ್ಲೋ ಹೋಗುತ್ತದೆ. ಹಾಗಾಗಿ ಹಗ್ಗದಲ್ಲೇ ಮಾತು. ಒಂದು ಸಲ ಎಳೆದರೆ ‘ನಾನು ಸರಿಯಾಗಿ ನಿಂತಿದ್ದೇನೆ, ನೋಡಿಕೋ’. ಎರಡು ಸಲ ಎಳೆದರೆ ‘ಆಯಿತು, ಮುಂದೆ ನಡಿ’. ಅಪ್ಪನ ಜೊತೆ ಹಗ್ಗ ಹಿಡಿದೇ ದೊಡ್ಡವಳಾದ ನನಗೆ ಅದು ಕೈಯಲ್ಲೇ ಕೂತುಬಿಟ್ಟಿತ್ತು. ಆ ದಿನ ಬೆಳಿಗ್ಗೆ ಜಯಣ್ಣನಿಗೂ ಹೇಳಿಕೊಟ್ಟೆ. “ನಮ್ ಕಡೆ ಬಾವಿಗೆ ಬಿಟ್ಟ ಬಿಂದಿಗೆ ಹಿಂಗೆ ಎಳೀತೀವಿ ಕಣ್ರೀ ಮೇಡಂ,” ಎಂದು ನಕ್ಕರು.

ಮಳೆಗಾಲ ಹಿಂದೆ ಸರಿದ ದಿನಗಳು ಅವು. ಮಧ್ಯಾಹ್ನದವರೆಗೆ ಬಿಸಿಲಿತ್ತು. ಪೂರ್ವದ ಗೋಡೆಯ ಎರಡು ಮೂಲೆಗಳನ್ನು ಅಳೆದೆವು. ಜಯಣ್ಣ ಎರಡನೇ ಮೂಲೆಯಲ್ಲಿ ನಿಂತಿದ್ದಾಗ ಘಟ್ಟದ ಕೆಳಗಿನಿಂದ ಮಂಜು ಎದ್ದು ಬಂತು. ನಮ್ಮ ಕಡೆಯ ಮಂಜು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನನ್ನ ಕಾಲಿನ ಪಕ್ಕದ ಗೂಟ ಬಿಟ್ಟರೆ ಬೇರೇನೂ ಕಾಣದ ಹಾಗಾಯಿತು. ನಾನು ಗಾಬರಿಯಾಗಲಿಲ್ಲ. ಮಂಜಿನಲ್ಲಿ ಕೆಲಸ ಮಾಡಲೆಂದೇ ಅಲ್ಲವೇ ನಮ್ಮ ಹಗ್ಗದ ಭಾಷೆ ಇರುವುದು? ಎರಡು ಸಲ ಎಳೆದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಡಬ್ಬಿಯಿಂದ ಟೇಪು ಸರಸರನೆ ಬಿಚ್ಚಿಕೊಳ್ಳತೊಡಗಿತು. ನಿಂತಿತು. ಬಿಗಿಯಾಯಿತು. ಒಂದು ಎಳೆತ ಬಂತು.

ಓದಿ ಬರೆದುಕೊಂಡೆ. ಎರಡು ಸಲ ಎಳೆದೆ. ಮತ್ತೆ ಮುಂದಕ್ಕೆ ಹೋಯಿತು. ನಿಂತಿತು, ಬಿಗಿಯಾಯಿತು, ಒಂದು ಎಳೆತ. ಹೀಗೆ ದಕ್ಷಿಣದ ಗೋಡೆ ಮುಗಿದು ಟೇಪು ಪಡುವಣಕ್ಕೆ ತಿರುಗಿದ್ದು ಕಂಪಾಸಿನಲ್ಲಿ ಗೊತ್ತಾಯಿತು. ಹುಲ್ಲಿನೊಳಗೆ ಜಯಣ್ಣನಿಗೆ ಗೋಡೆ ಸಿಕ್ಕಿಬಿಟ್ಟಿದೆ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ ಒಬ್ಬಳೇ ನಿಂತು ‘ಭೇಷ್’ ಎಂದೆ. ಒರತೆಯ ಸದ್ದು ಎಲ್ಲಿಂದ ಬರುತ್ತದೆಂದು ನನಗೆ ತಿಳಿದಿತ್ತು. ಟೇಪು ಅದನ್ನೂ ದಾಟಿ ಆಚೆ ಹೋಗಿ ನಿಂತಿತು. ಆಮೇಲೆ ಬಡಗಣಕ್ಕೆ ತಿರುಗಿ, ಸುತ್ತು ಹಾಕಿ, ನಾವು ಶುರು ಮಾಡಿದ ಕಡೆಗೆ ಬಂತು. ಅಲ್ಲಿಂದ ಕೊನೆಯ ಎಳೆತ ಬಂದು, ನಾನು ಓದಿ ಬರೆದುಕೊಂಡ ಮೇಲೆ ಒಮ್ಮೆಲೇ ಸಡಿಲವಾಯಿತು.

ಬೇರೆ ಊರಿನವರಾಗಿದ್ದರೆ ಇಷ್ಟರಲ್ಲಿ ಒಂದು ಸಲವಾದರೂ ‘ಎಲ್ಲಿದ್ದೀರಿ?’ ಎಂದು ಕೂಗುತ್ತಿದ್ದರು. ನಾನು ಕೂಗಲಿಲ್ಲ. ಎಳೆದಾಗ ಎಳೆತ ಬಂದರೆ ತೋಟದವರಿಗೆ ಇನ್ನೇನು ಬೇಕು? ಟೇಪು ಸುತ್ತಿಕೊಂಡೆ. ಕತೆಯಾಗಿದ್ದರೆ ಅದರ ಬಳೆಯಲ್ಲಿ ಒಂದು ಹೂವೋ, ಕೂದಲೋ, ರಕ್ತವೋ ಸಿಕ್ಕಿರಬೇಕಿತ್ತು. ಏನೂ ಇರಲಿಲ್ಲ. ಒದ್ದೆಯಾಗಿತ್ತು, ಅಷ್ಟೇ.

ಆಗ ಕರೆದೆ. ಮತ್ತೆ ಕರೆದೆ. ಕಾಲುದಾರಿ ಹಿಡಿದು ತಡಕಾಡುತ್ತ ಕೆಳಗಿಳಿದು ಜೀಪಿನ ಹತ್ತಿರ ಬಂದರೆ ಜಯಣ್ಣ ಡ್ರೈವರ್ ಜೊತೆ ಒಳಗೆ ಕೂತು ಫ್ಲಾಸ್ಕಿನ ಕಾಫಿ ಮುಗಿಸುತ್ತಿದ್ದರು.

“ಎಲ್ಲೋಗ್ಬುಟ್ರಿ ಮೇಡಂ? ಮಂಜು ಬಂತಲ್ಲ, ಬಳೆ ಮೇಲೆ ಒಂದು ಕಲ್ಲಿಟ್ಟು ‘ನಡೀರಿ’ ಅಂತ ಕೂಗಿ ಬಂದೆ. ನೀವೂ ಹಿಂದೇ ಬತ್ತಾ ಇದ್ದೀರಿ ಅಂದ್ಕಂಡೆ.”

ನಾನು ಮೊದಲು ಬೈದೆ. ತಮಾಷೆಗೂ ಒಂದು ಮಿತಿ ಇರುತ್ತದೆ ಎಂದೆ. ಡ್ರೈವರ್ ನಡುವೆ ಬಾಯಿ ಹಾಕಿ, ಜಯಣ್ಣ ಮಂಜಿನ ಜೊತೆಗೇ ಇಳಿದು ಬಂದದ್ದು, ಬಂದವರು ಜೀಪು ಬಿಟ್ಟು ಕದಲದೇ ಇದ್ದದ್ದು ನಿಜ ಎಂದ. ನಾನು ಬರೆದುಕೊಂಡ ಹಾಳೆ ತೋರಿಸಿದೆ. ಜಯಣ್ಣ ಅದನ್ನು ನೋಡಿದರು, ನನ್ನ ಮುಖ ನೋಡಿದರು. “ಗಾಳೀಗೆ ಲಂಟಾನ ಪೊದೆಗೆ ಸಿಕ್ಕಂಡಿರ್ತದೆ ಬುಡಿ,” ಎಂದರು. ನನಗೂ ಹಾಗೇ ಅನ್ನಿಸಲಿ ಎಂದು ನಾನೂ ತಲೆಯಾಡಿಸಿದೆ.

ಮರುದಿನ ಸೆಂಟರಿನಲ್ಲಿ ಜಯಣ್ಣ ಆ ಅಳತೆಗಳನ್ನು ದೊಡ್ಡ ಹಾಳೆಯ ಮೇಲೆ ಇಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೊಂದೇ ಚುಕ್ಕೆ ಇಟ್ಟು ಗೆರೆ ಎಳೆಯುತ್ತ ಹೋದರು. ಕೊನೆಯ ಚುಕ್ಕೆ ಬಂದು ಮೊದಲನೇ ಚುಕ್ಕೆಯ ಮೇಲೇ ಕೂತಿತು. ಸರ್ವೆಯವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಟೇಪು ಸುಮ್ಮನೆ ಎಲ್ಲೆಲ್ಲೋ ಅಲೆದಿದ್ದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತಿರಲಿಲ್ಲ, ಆಕಾರ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಜಯಣ್ಣ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ, “ಪೊದೆಗೆ ಸಿಕ್ಕಂಡಿದ್ದು ಹಿಂಗೆ ಕೂಡಲ್ಲ ಕಣ್ರೀ,” ಎಂದರು. ಅವರ ಬಾಯಿಂದ ಆ ಮಾತು ಬಂದಾಗಲೇ ನನಗೆ ಮೊದಲ ಸಲ ಭಯವಾದದ್ದು.

ಇಬ್ಬರೂ ಮತ್ತೆ ಗುಡ್ಡ ಹತ್ತಿದೆವು. ಒಳ್ಳೆಯ ಬಿಸಿಲಿತ್ತು. ಕಾಣುವ ಗೋಡೆಯ ಅಳತೆಗಳೆಲ್ಲ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪಡುವಣದ ಚುಕ್ಕೆಗಳಿದ್ದ ಕಡೆ ಬರೀ ಹುಲ್ಲು. ಅಗೆದು ನೋಡಿದರೆ ಗೊತ್ತಾಗುತ್ತಿತ್ತೇನೋ. ಹಳೆಯ ಜಾಗವನ್ನು ಅನುಮತಿಯಿಲ್ಲದೆ ಅಗೆಯುವಂತಿಲ್ಲ, ಅನುಮತಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ರೆಸಾರ್ಟಿನವರು ಆ ಕಡೆಗೆ ತಂತಿಬೇಲಿ ಎಳೆದು ಕಾವಲಿಗೆ ಜನ ಹಾಕಿದರು. ನಕ್ಷೆಯಲ್ಲಿ ಮಾತ್ರ ಒರತೆ ಗೋಡೆಯ ಒಳಗಿತ್ತು.

ನಮ್ಮ ಸಂಸ್ಥೆಯ ಮುಖ್ಯಸ್ಥರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸಜ್ಜನರು. ಕನ್ನಡಕ ತೆಗೆದು ಒರೆಸಿ, ಪಡುವಣದ ಗೆರೆ ಅಳಿಸಿಬಿಡಿ, ಇಲ್ಲವಾದರೆ ಟೇಪು ಹಿಡಿದವರು ಜಯಣ್ಣ ಎಂದು ಹಾಕಿ ಎಂದರು. ಎರಡೂ ಸುಲಭವಾದ ದಾರಿಗಳೇ. ಅಳಿಸಿದರೆ ಒರತೆ ಹೋಗುತ್ತಿತ್ತು. ಜಯಣ್ಣನನ್ನು ಕೇಳಿದರೆ, “ನಾನ್ ಹಿಡೀದೆ ಇರೋ ಟೇಪಿಗೆ ನನ್ನ ಹೆಸ್ರು ಬ್ಯಾಡ. ಅಳಿಸೋದಂತೂ ಬ್ಯಾಡವೇ ಬ್ಯಾಡ,” ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ನನಗೂ ರೇಗಿತ್ತು. ಅಳತೆ ನಾನು ಓದಿದ್ದು. ನನ್ನ ಕೈಯಲ್ಲಿ ಎಳೆತ ಬಂದದ್ದು. ಯಾರ ಮರ್ಯಾದೆ ಉಳಿಸಲು ನಾನು ಅದನ್ನು ಅಳಿಸಬೇಕು?

ನಕ್ಷೆಯನ್ನು ಇಂಟರ್ನೆಟ್ಟಿಗೆ ಏರಿಸಿದೆ. ಯಾವ ಗೆರೆಯನ್ನು ಒತ್ತಿದರೂ ಅದನ್ನು ಅಳೆದವರ ಹೆಸರು ಬರುವ ಹಾಗೆ ಮಾಡಿದ್ದೆವು. ಪಡುವಣದ ಗೆರೆಯನ್ನು ಒತ್ತಿದರೆ ಹೀಗೆ ಬರುತ್ತಿತ್ತು: ‘ಓದಿದವರು’ ಎಂಬಲ್ಲಿ ನನ್ನ ಹೆಸರು, ‘ತುದಿ ಹಿಡಿದವರು’ ಎಂಬಲ್ಲಿ ‘ಗೊತ್ತಿಲ್ಲ’.

ಆಮೇಲೆ ಬಂದ ಮಾತುಗಳಿಗೆ ಲೆಕ್ಕವಿಲ್ಲ. ಪುಟದ ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಬೆಂಗಳೂರಿನ ಒಬ್ಬರು ನನಗೆ ಕನ್ನಡಕ ಬೇಕೆಂದರು. ಇನ್ನೊಬ್ಬರು ಅಮಾವಾಸ್ಯೆಗೆ ಸ್ನೇಹಿತರನ್ನು ಕರೆದುಕೊಂಡು ಬರುತ್ತೇವೆ, ದೆವ್ವ ತೋರಿಸುವ ಏರ್ಪಾಡು ಇದೆಯೇ ಎಂದು ಕೇಳಿದರು. ಅಂಜನ ಹಾಕುವವರೊಬ್ಬರು ಸೆಂಟರಿಗೇ ಬಂದು, ಅದು ಪಾಳೆಯಗಾರನ ಆತ್ಮ, ಶಾಂತಿ ಮಾಡಿಸಬೇಕು ಎಂದರು. ನಾನು ಎಲ್ಲರನ್ನೂ ಒಂದೇ ಸಮ ಬೈದು ಕಳಿಸಿದೆ. ನಾನು ಬರೆದದ್ದು ‘ಗೊತ್ತಿಲ್ಲ’ ಎಂದು. ದೆವ್ವ ಎಂದೂ ಬರೆದಿರಲಿಲ್ಲ, ಪೊದೆ ಎಂದೂ ಬರೆದಿರಲಿಲ್ಲ. ಗೊತ್ತಿಲ್ಲ ಎನ್ನುವ ಮಾತನ್ನು ಸಹಿಸಿಕೊಳ್ಳಲು ಜನಕ್ಕೆ ಅಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು.

ಗೇಲಿ ಮಾಡದವರು ಹೆಗ್ಗದ್ದೆಯವರು ಮಾತ್ರ. ಗುಂಪು ಕಟ್ಟಿಕೊಂಡು ಸೆಂಟರಿಗೆ ಬಂದು ಪರದೆಯ ಮೇಲೆ ತಮ್ಮ ಗುಡ್ಡ ನೋಡಿದರು. ಅವರಲ್ಲಿ ದ್ಯಾವಮ್ಮ ಎಂಬುವವಳು, ಒರತೆಯ ಕೆಳಗೇ ಗದ್ದೆ ಇದ್ದವಳು, ಮೌಸ್ ಕಿತ್ತುಕೊಂಡು ಗುಡ್ಡವನ್ನು ತಿರುಗಿಸಿದ್ದೇ ತಿರುಗಿಸಿದ್ದು. “ಅಯ್ಯೋ, ನಮ್ ಗುಡ್ಡಾನ ಗಿರಗಿರ ತಿರುಗಿಸಿಬುಟ್ಟಲ್ಲವ್ವ!” ಎಂದು ನಕ್ಕಳು. ಆಮೇಲೆ ಪಡುವಣದ ಗೆರೆಯನ್ನು ಒತ್ತಿಸಿ, ಬಂದದ್ದನ್ನು ನನ್ನಿಂದ ಓದಿಸಿ, ಅವತ್ತು ನಡೆದದ್ದನ್ನೂ ಹೇಳಿಸಿ ಕೇಳಿದಳು. ಸೆರಗಿನಲ್ಲಿ ಪರದೆಯ ಧೂಳು ಒರೆಸಿ ಎದ್ದಳು.

ರೆಸಾರ್ಟಿನವರ ಅರ್ಜಿಯ ವಿಚಾರಣೆ ಸಕಲೇಶಪುರದಲ್ಲಿ ಒಬ್ಬ ಅಧಿಕಾರಿಯ ಮುಂದೆ ನಡೆಯಿತು. ನಮ್ಮ ನಕ್ಷೆ ತೋರಿಸಲು ಸೆಂಟರಿನ ಕಂಪ್ಯೂಟರನ್ನೇ ಆಟೋದಲ್ಲಿ ಹೇರಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಹೆಗ್ಗದ್ದೆಯವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ರೆಸಾರ್ಟಿನ ಪರವಾಗಿ ಬಂದ ವಕೀಲರು ಎಲ್ಲರಿಗೂ ಕಾಣುವ ಹಾಗೆ ಪಡುವಣದ ಗೆರೆಯ ಮೇಲೆ ಒತ್ತಿ, ಬಂದದ್ದನ್ನು ಗಟ್ಟಿಯಾಗಿ ಓದಿದರು. ಕೆಲವರು ನಕ್ಕರು.

“ಟೇಪಿಗೆ ಎರಡು ತುದಿ ಇರ್ತವೆ ಅಲ್ವೇನಮ್ಮ? ಇನ್ನೊಂದು ತುದಿ ಹಿಡಿದವರು ಯಾರು?”

“ಗೊತ್ತಿಲ್ಲ. ಆದರೆ ನೀವಲ್ಲ,” ಎಂದೆ.

ಅಧಿಕಾರಿ ಮೇಜು ಕುಟ್ಟಿದರು. ಹಿಡಿದವರಿಲ್ಲದ ಅಳತೆಯನ್ನು ದಾಖಲೆಗೆ ತೆಗೆದುಕೊಳ್ಳಲು ಬರುವುದಿಲ್ಲ ಎಂದು ಅವರು ಹೇಳುತ್ತಿದ್ದಂತೆ ಹಿಂದಿನಿಂದ ದ್ಯಾವಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

“ನಾನೇ ಕಣ್ ಸ್ವಾಮಿ ಹಿಡ್ಕಂಡಿದ್ದು. ದನ ಹುಡುಕ್ಕಂಡು ಹೋಗಿದ್ದೆ. ಕಲ್ಲಿನ ಕೆಳ್ಗೆ ಟೇಪು ಬಿದ್ದಿತ್ತು, ಎಳೀತಾ ಇದ್ರು. ಹಿಡ್ಕಂಡು ಗ್ವಾಡೆ ಮೇಲೇ ನಡೆದೆ. ನಮ್ಮಜ್ಜಿ ಕಾಲದಿಂದ ನಡ್ದಾಡಿರೋ ಗ್ವಾಡೆ, ನಂಗ್ ಗೊತ್ತಿಲ್ವಾ?”

ನಾವು ಗುಡ್ಡ ಅಳೆದ ತಿಂಗಳು ಪೂರ್ತಿ ದ್ಯಾವಮ್ಮ ಊರಲ್ಲೇ ಇರಲಿಲ್ಲ. ದೋಣಿಗಲ್‌ನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಅದು ಅವಳೇ ಹೇಳಿ ನನಗೆ ಗೊತ್ತು, ಹಿಂದೆ ನಿಂತಿದ್ದ ಇಡೀ ಊರಿಗೆ ಗೊತ್ತು. ಒಬ್ಬರೂ ಕೆಮ್ಮಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿ, “ಇವರೇನಾ?” ಎಂದರು.

“ಇವರು ಅಂತ ನಾನು ಹೇಳಲಾರೆ ಸಾರ್. ಮಂಜಿತ್ತು. ನಾನು ಯಾರ ಮುಖವನ್ನೂ ನೋಡಲಿಲ್ಲ,” ಎಂದೆ. ಅದು ನಿಜ. ಅಧಿಕಾರಿ ಅಷ್ಟು ಸಾಕೆಂಬಂತೆ ಬರೆದುಕೊಂಡರು. ಒರತೆ ಕೋಟೆಯ ಒಳಗೆ ಉಳಿಯಿತು.

ಹೊರಗೆ ಬಂದ ಮೇಲೆ ನಾನು ಅವಳನ್ನು ಕಚೇರಿಯ ಬೇಲಿಯ ಹತ್ತಿರ ನಿಲ್ಲಿಸಿದೆ. ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬಂದಿತ್ತು. “ನೀನು ಅವತ್ತು ದೋಣಿಗಲ್‌ನಲ್ಲಿದ್ದೆ ದ್ಯಾವಕ್ಕ. ಅಷ್ಟು ಜನರ ಮುಂದೆ ಸುಳ್ಳು ಯಾಕೆ ಹೇಳಿದೆ?”

“ಹೂಂ, ಸುಳ್ಳೇ ಹೇಳ್ದೆ ಕಣವ್ವ. ನೀನು ನಿಜಾನೇ ಹೇಳ್ದೆ. ನಿನ್ನ ನಿಜ ಕೇಳಿ ಅವ್ರು ನಗಾಡ್ತಿದ್ರು. ನಂಗೆ ಗದ್ದೇಗೆ ನೀರು ಬೇಕಿತ್ತು.” ಅಷ್ಟು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಅಧಿಕಾರಿಗಳು ನಕ್ಷೆಯಲ್ಲೂ ದ್ಯಾವಮ್ಮನ ಹೆಸರು ಹಾಕಿ ಎಂದು ಸಂಸ್ಥೆಗೆ ಹೇಳಿ ಕಳಿಸಿದರು. ಹಾಕುವುದಿಲ್ಲ ಎಂದೆ. ಸಂಸ್ಥೆಯವರು ಒತ್ತಾಯಿಸಿದಾಗ ಆ ಪುಟವನ್ನು ನನ್ನ ಹೆಸರಿಗೆ ಮಾಡಿಸಿಕೊಂಡು ಅವರಿಂದ ಬೇರೆಯಾದೆ. ಈಗಲೂ ಅದು ಹಾಗೇ ಇದೆ. ಸರ್ಕಾರಿ ಕಾಗದದಲ್ಲಿ ದ್ಯಾವಕ್ಕನ ಹೆಸರಿದೆ, ಗದ್ದೆಗೆ ನೀರು ಹೋಗುತ್ತಿದೆ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ನಕ್ಷೆಯಲ್ಲಿ ಮಾತ್ರ ನಾನು ಸುಳ್ಳು ಬರೆಯುವುದಿಲ್ಲ.

ಯಾರೋ ಕೀಟಲೆ ಮಾಡಿರಬೇಕು ಎಂದು ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ಹೇಳಿದ್ದಾರೆ. ಇರಬಹುದು. ಆ ಮಂಜಿನಲ್ಲಿ, ಯಾರಿಗೂ ಕಾಣದ ಗೋಡೆಯನ್ನು ಹುಲ್ಲಿನಡಿ ಕಂಡುಕೊಂಡು, ತೋಟದ ಹಗ್ಗದ ಭಾಷೆ ಬಲ್ಲ ಕೀಟಲೆಯವನು ಯಾರೆಂದು ಹೇಳಿ, ನಾನೇ ಹೋಗಿ ಅವನ ಕೈ ಹಿಡಿದು ಮಾತಾಡಿಸಿ ಬರುತ್ತೇನೆ. ನನ್ನದೇ ಕಲ್ಪನೆ ಎನ್ನುವವರೂ ಇದ್ದಾರೆ. ಅವರಿಗೆ ಹೇಳಲು ನನ್ನ ಬಳಿ ದೊಡ್ಡ ವಾದವಿಲ್ಲ. ಅಪ್ಪನ ಜೊತೆ ಎಷ್ಟೋ ವರ್ಷ ಹಗ್ಗ ಹಿಡಿದ ಕೈ ಇದು. ಪೊದೆಗೆ ಸಿಕ್ಕಿದ ಹಗ್ಗ ಹೇಗಿರುತ್ತದೆ, ಮನುಷ್ಯರು ಹಿಡಿದ ಹಗ್ಗ ಹೇಗಿರುತ್ತದೆ ಎಂದು ಇದಕ್ಕೆ ಗೊತ್ತು. ಆ ದಿನ ಟೇಪಿನ ಆ ತುದಿಯನ್ನು ಯಾರೋ ಹಿಡಿದಿದ್ದರು. ಯಾರು ಎಂದು ನನಗೆ ಗೊತ್ತಿಲ್ಲ.